ತಿಂಗಳು ತುಂಬದ ಕೂಸು, ಹಸಿ ಬಾಣಂತಿ: ನಿಮಗಿದು ಗೊತ್ತೇ?

ನಮ್ಮ ಸೀಮೆಯಲ್ಲಿ ಬಾಣಂತನಕ್ಕೊಂದು ಕ್ರಮವಿದೆ. ತವರಿನ ಬೆಚ್ಚನೆಯ ಕೋಣೆ, ಎಣ್ಣೆ-ನೀರು, ಬೆಳ್ಳುಳ್ಳಿ ಹಾಕಿದ ಬಿಸಿ ಸಾರು, ಮಗ್ಗುಲಲ್ಲಿ ಕೂಸು. ದಿನ ತುಂಬುವ ಮೊದಲೇ ಹೆರಿಗೆಯಾದರೆ ಆ ಕ್ರಮವೆಲ್ಲ ತಲೆಕೆಳಗಾಗುತ್ತದೆ. ಕೂಸು ಒಂದು ಕಡೆ, ಬಾಣಂತಿ ಇನ್ನೊಂದು ಕಡೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಇಂಥ ತಾಯಂದಿರು ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ನವಜಾತ ಶಿಶುಗಳ ಘಟಕದ ಬಾಗಿಲಿಗೆ ಕಣ್ಣು ನೆಟ್ಟು ಕೂತಿರುತ್ತಾರೆ. ಒಳಗೆ ನಡೆಯುವ ಚಿಕಿತ್ಸೆಯ ದೊಡ್ಡ ಪಾಲು ಹಾಗೆ ಹೊರಗೆ ಕೂತ ತಾಯಿಯ ಬಳಿಯೇ ಇದೆ ಎಂದು ಅವರಿಗೆ ಯಾರಾದರೂ ಹೇಳಬೇಕು.

◆ ಗರ್ಭದ 37 ವಾರ ತುಂಬುವ ಮೊದಲು ಹುಟ್ಟಿದ್ದು ಅವಧಿಪೂರ್ವ ಶಿಶು. 28 ವಾರಕ್ಕೂ ಮೊದಲು ಹುಟ್ಟಿದರೆ ಅತಿ ಅವಧಿಪೂರ್ವ. 2020ರಲ್ಲಿ ಜಗತ್ತಿನಲ್ಲಿ ಹೀಗೆ ಬೇಗ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ, ಅಂದರೆ ಹತ್ತರಲ್ಲಿ ಒಂದು. ಅದರಲ್ಲಿ 30 ಲಕ್ಷ ನಮ್ಮ ದೇಶದವು. ‘ನನಗೊಬ್ಬಳಿಗೇ ಯಾಕೆ ಹೀಗಾಯ್ತು’ ಎಂದು ಅಳುವ ತಾಯಿ ಒಂಟಿಯಲ್ಲ.

◆ ‘ಏಳು ತಿಂಗಳ ಕೂಸು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ’ ಎಂಬ ಮಾತನ್ನು ಕೇಳದವರು ಕಡಿಮೆ. ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕರು ಇದನ್ನು ನಂಬಿದ್ದರು; ಹಿಪೊಕ್ರಾಟಿಸ್ ಹೆಸರಿನಲ್ಲಿ ಉಳಿದುಬಂದ ವೈದ್ಯ ಗ್ರಂಥಗಳಲ್ಲಿ ಎಂಟು ತಿಂಗಳ ಕೂಸಿನ ಮೇಲೆಯೇ ಒಂದು ಬರಹವಿದೆ. ನಂಬಿಕೆ ಎಷ್ಟು ಹಳೆಯದೋ ಅಷ್ಟೇ ತಪ್ಪು. ಹೊಟ್ಟೆಯಲ್ಲಿ ಹೆಚ್ಚಿಗೆ ಕಳೆದ ಒಂದೊಂದು ವಾರವೂ ಕೂಸಿನ ಪಾಲಿಗೆ ಲಾಭವೇ. ಎಂಟನೇ ತಿಂಗಳಲ್ಲಿ ಹೆತ್ತವಳ ಎದುರು ಈ ಮಾತು ಆಡುವವರನ್ನು ದಯವಿಟ್ಟು ತಡೆಯಿರಿ.

◆ ಸೂರ್ಯನ ಸಾರಥಿ ಅರುಣ ನಮ್ಮ ಪುರಾಣದ ಅವಧಿಪೂರ್ವ ಶಿಶು. ಸವತಿ ಕದ್ರುವಿನ ಮಕ್ಕಳು ಆಗಲೇ ಹೊರಬಂದರೆಂದು ತಾಳ್ಮೆಗೆಟ್ಟ ವಿನತೆ ಮೊಟ್ಟೆಯನ್ನು ಬೇಗನೆ ಒಡೆದಳು. ಅರ್ಧ ಮೈ ಮಾತ್ರ ಬೆಳೆದಿದ್ದ ಮಗ ತಾಯಿಯನ್ನೇ ಶಪಿಸಿದ. ಕತೆಯಲ್ಲೂ ತಪ್ಪು ತಾಯಿಯದೇ! ವೈದ್ಯವಿಜ್ಞಾನ ತೋರಿಸುವ ಕಾರಣಗಳು ಬೇರೆ: ಏರಿದ ರಕ್ತದೊತ್ತಡ, ಸೋಂಕು, ರಕ್ತಹೀನತೆ, ಅವಳಿ ಗರ್ಭ, ಹೆರಿಗೆಗಳ ನಡುವೆ ಅಂತರ ಸಾಲದಿರುವುದು. ಎಷ್ಟೋ ಹೆರಿಗೆಗಳಿಗೆ ಕಾರಣವೇ ಸಿಗುವುದಿಲ್ಲ. ಭಾರ ಎತ್ತಿದ್ದಕ್ಕೆ, ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಎಂದು ಬಾಣಂತಿಯ ಮೇಲೆ ಹೊರೆ ಹೊರಿಸುವುದು ಅನ್ಯಾಯ.

◆ ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರಕ್ಕೆ ಮೊದಲೇ ಹುಟ್ಟುತ್ತವೆ. ಹೊಟ್ಟೆಯಲ್ಲಿ ಎರಡಿವೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾದ ದಿನವೇ ‘ಹೆರಿಗೆ ಎಲ್ಲಿ’ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು.

◆ ಐಸಾಕ್ ನ್ಯೂಟನ್ ದಿನ ತುಂಬದೆ ಹುಟ್ಟಿದ್ದ. ಒಂದು ಸಣ್ಣ ಹೂಜಿಯಲ್ಲಿ ಹಿಡಿಸುವಷ್ಟು ಪುಟ್ಟದಾಗಿದ್ದೆನಂತೆ ಎಂದು ಮುಪ್ಪಿನಲ್ಲಿ ಅವನೇ ಹೇಳಿಕೊಂಡಿದ್ದ. ಬದುಕಿದ್ದು 84 ವರ್ಷ.

◆ ಬೇಗ ಹುಟ್ಟುವ ಸೂಚನೆಯಿರುವ ಕೂಸನ್ನು ಸಾಗಿಸಲು ಎಲ್ಲಕ್ಕಿಂತ ಸುರಕ್ಷಿತ ವಾಹನ ಯಾವುದು ಗೊತ್ತೇ? ತಾಯಿಯ ಗರ್ಭ. ಜಗಳೂರಿನ ಹಳ್ಳಿಯೊಂದರಲ್ಲಿ 30 ವಾರಕ್ಕೇ ನೋವು ಕಾಣಿಸಿತೆನ್ನಿ. ಹೆರಿಗೆಯಾದ ಮೇಲೆ ಒಂದೂಕಾಲು ಕಿಲೋ ಕೂಸನ್ನು ಹೊತ್ತು ದಾವಣಗೆರೆಗೆ ಓಡುವುದಕ್ಕೂ, ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ತಲುಪಿಸುವುದಕ್ಕೂ ಬಹಳ ಅಂತರವಿದೆ. ದಾರಿಯಲ್ಲಿ ತಣ್ಣಗಾದ ಕೂಸಿಗೆ ಉಸಿರಾಟ, ರಕ್ತದ ಸಕ್ಕರೆ ಎರಡೂ ಏರುಪೇರಾಗುತ್ತವೆ. ನೀರು ಹೋಗುತ್ತಿದೆ, ನಡು ಬಿಟ್ಟು ಬಿಟ್ಟು ನೋಯುತ್ತಿದೆ ಎಂದಾಗ ‘ಇನ್ನೂ ದಿನ ಐತಿ, ಬೆಳಗಾಗ್ಲಿ’ ಎಂದು ಕಾಯಬಾರದು. 108 ಆರೋಗ್ಯ ಕವಚ 2008ರಿಂದ ರಾಜ್ಯದಲ್ಲಿ ಓಡುತ್ತಿದೆ, ದುಡ್ಡು ಕೊಡಬೇಕಿಲ್ಲ.

◆ ಗುಳೆ ಹೋಗುವ ಕುಟುಂಬಗಳಿಗೆ ಒಂದು ಮಾತು. ತಾಯಿ ಕಾರ್ಡ್ ಮನೆಯ ಟ್ರಂಕಿನಲ್ಲಿ ಉಳಿಯಬಾರದು. ಕಾಫಿ ತೋಟದಲ್ಲಿರಲಿ, ಕಬ್ಬಿನ ಗದ್ದೆಯಲ್ಲಿರಲಿ, ಗರ್ಭಕ್ಕೆ ಎಷ್ಟು ವಾರವಾಯಿತೆಂದು ಅಪರಿಚಿತ ಆಸ್ಪತ್ರೆಗೆ ಥಟ್ಟನೆ ತಿಳಿಸುವುದು ಆ ಕಾರ್ಡೇ. ವಾರದ ಲೆಕ್ಕ ಗೊತ್ತಾದರೆ ಮಾತ್ರ ಮುಂದೆ ಹೇಳುವ ಚುಚ್ಚುಮದ್ದು ಸಮಯಕ್ಕೆ ಸಿಗುತ್ತದೆ.

◆ ಕುರಿಮರಿಗಳಿಂದ ಕೂಸುಗಳಿಗೆ ಬಂದ ಔಷಧ ಅದು. ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ 1960ರ ದಶಕದಲ್ಲಿ ಹೆರಿಗೆ ಹೇಗೆ ಶುರುವಾಗುತ್ತದೆಂದು ಕುರಿಗಳಲ್ಲಿ ಪರೀಕ್ಷಿಸುತ್ತಿದ್ದರು. ಹೊಟ್ಟೆಯಲ್ಲಿರುವಾಗಲೇ ಸ್ಟೀರಾಯ್ಡ್ ಪಡೆದ ಮರಿಗಳು ಬಹಳ ಬೇಗ ಹುಟ್ಟಿದರೂ ಉಸಿರಾಡುತ್ತಿದ್ದವು. ಬದುಕಬಾರದ ಮರಿ ಬದುಕಿದ್ದನ್ನು ಕಂಡ ಅವರು, ರಾಸ್ ಹೌವಿ ಎಂಬ ಮಕ್ಕಳ ವೈದ್ಯರೊಡನೆ ಅದೇ ಜಾತಿಯ ಔಷಧವನ್ನು ಗರ್ಭಿಣಿಯರಿಗೆ ಕೊಟ್ಟು ನೋಡಿ, 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಈಗ ನಮ್ಮಲ್ಲಿ ಬಳಕೆಯಲ್ಲಿರುವುದು ಡೆಕ್ಸಾಮೆಥಾಸೋನ್: 12 ಗಂಟೆಗೊಂದರಂತೆ ನಾಲ್ಕು ಚುಚ್ಚುಮದ್ದು ತಾಯಿಗೆ. ಬೆಲೆ ತೀರಾ ಅಗ್ಗ. ಕೂಸಿನ ಶ್ವಾಸಕೋಶ ಹೊಟ್ಟೆಯಲ್ಲೇ ಬೇಗ ಬಲಿಯುತ್ತದೆ. ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಮೊದಲನೆಯ ಡೋಸನ್ನು ನರ್ಸಮ್ಮನೇ ಕೊಡಲು ಕೇಂದ್ರ ಸರ್ಕಾರ 2014ರಲ್ಲಿ ಒಪ್ಪಿಗೆ ಕೊಟ್ಟಿತು.

◆ ಈ ಮದ್ದು ಬಡ ದೇಶಗಳ ಆಸ್ಪತ್ರೆಗಳಲ್ಲಿ ನಿಜಕ್ಕೂ ಫಲಿಸುತ್ತದೆಯೇ ಎಂಬ ಅನುಮಾನ ಬಹುಕಾಲ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಪರೀಕ್ಷೆ ನಡೆಸಿತು. ಭಾರತದ ಪಾಲಿನ ಕೆಲಸ ನಡೆದದ್ದು ನಮ್ಮ ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜಿನ ನೇತೃತ್ವದಲ್ಲಿ. 2020ರಲ್ಲಿ ಬಂದ ಉತ್ತರ ಸ್ಪಷ್ಟವಾಗಿತ್ತು. ಈ ಚುಚ್ಚುಮದ್ದು ಪಡೆದ ಪ್ರತಿ 25 ತಾಯಂದಿರಿಗೆ ಒಂದು ಕೂಸು ಹೆಚ್ಚಿಗೆ ಉಳಿಯಿತು. ಜಗತ್ತಿನ ಸಂಶಯ ನೀಗಿಸಿದ ಆ ಪಟ್ಟಿಯಲ್ಲಿ ಕನ್ನಡದ ತಾಯಂದಿರೂ ಇದ್ದಾರೆಂಬುದು ನನಗೆ ದೊಡ್ಡ ಹೆಮ್ಮೆ.

◆ ಬೇಗ ಹುಟ್ಟಿದ ಕೂಸು ಉಸಿರಿಗೆ ತಿಣುಕುವುದು ಏಕೆ? ಶ್ವಾಸಕೋಶದ ಪುಟ್ಟ ಗಾಳಿಗೂಡುಗಳು ಒಂದಕ್ಕೊಂದು ಅಂಟಿ ಮುಚ್ಚಿಹೋಗದಂತೆ ಕಾಯುವ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಪದಾರ್ಥ ಸಾಲದೆ. ಈ ಕೊರತೆಯನ್ನು 1959ರಲ್ಲಿ ಪತ್ತೆ ಹಚ್ಚಿದವರು ಅಮೆರಿಕದ ಮೇರಿ ಎಲೆನ್ ಏವರಿ, ಜೆರಿ ಮೀಡ್. ಕಾರಣ ಗೊತ್ತಾದರೂ ಮದ್ದಿರಲಿಲ್ಲ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, 39 ಗಂಟೆ ಬದುಕಿ ತೀರಿಕೊಂಡ. ತೂಕ ಎರಡು ಕಿಲೋ ದಾಟಿತ್ತು. ಅಷ್ಟು ತೂಕದ, ಅಷ್ಟು ವಾರದ ಕೂಸು ಇಂದು ಉಳಿಯುವುದು ಮಾಮೂಲು. ಜಪಾನಿನ ಫುಜಿವಾರಾ 1980ರಲ್ಲಿ ಸರ್ಫ್ಯಾಕ್ಟೆಂಟನ್ನು ಹೊರಗಿನಿಂದ ಶ್ವಾಸಕೋಶಕ್ಕೆ ಹಾಕಿ ಗೆದ್ದರು.

◆ ‘ಕೂಸಿನ್ನೂ ಪೆಟ್ಟಿಗ್ಯಾಗ ಐತಿ’ ಎಂದು ಊರಿಗೆ ಫೋನು ಮಾಡಿ ಹೇಳುತ್ತಾರಲ್ಲ, ಆ ಪೆಟ್ಟಿಗೆಗೆ ಮೂಲ ಪ್ಯಾರಿಸಿನ ಮೃಗಾಲಯದ ಕೋಳಿಮರಿ ಯಂತ್ರ. ಅದನ್ನು ನೋಡಿದ ಸ್ತೆಫಾನ್ ತಾರ್ನಿಯೆ ಎಂಬ ಹೆರಿಗೆ ವೈದ್ಯ ಅಂಥದ್ದನ್ನೇ ಕೂಸುಗಳಿಗೆ ಮಾಡಿಸಿ, 1880ರ ಹೊತ್ತಿಗೆ ತನ್ನ ಆಸ್ಪತ್ರೆಯಲ್ಲಿ ಇರಿಸಿದ. ಈಗ ನಮ್ಮ ಸರ್ಕಾರಿ ಘಟಕಗಳಲ್ಲಿ ಹೆಚ್ಚಾಗಿ ಕಾಣುವುದು ಮುಚ್ಚಿದ ಪೆಟ್ಟಿಗೆಯಲ್ಲ, ಮೇಲಿನಿಂದ ಶಾಖ ಬೀರುವ ತೆರೆದ ವಾರ್ಮರ್. ಕೂಸಿನ ಹೊಟ್ಟೆಗೆ ಅಂಟಿಸಿದ ತಂತಿ ಮೈಬಿಸಿಯನ್ನು ಅಳೆದು ಶಾಖವನ್ನು ಏರಿಸುತ್ತದೆ, ಇಳಿಸುತ್ತದೆ. ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ದೊಡ್ಡವರಂತೆ ನಡುಗಿ ಬಿಸಿ ಹುಟ್ಟಿಸಿಕೊಳ್ಳಲು ಆ ಕೂಸಿಗೆ ಬರುವುದಿಲ್ಲ.

◆ ಪಕ್ಕದಲ್ಲಿ ಕೂಗಿಕೊಳ್ಳುವ ಮಾನಿಟರಿಗೆ ಎದೆ ಒಡೆದುಕೊಳ್ಳಬೇಡಿ. ಕಾಲಿಗೆ ಸುತ್ತಿದ ಕೆಂಪು ದೀಪದ ಪಟ್ಟಿ ಸಡಿಲವಾದರೂ ಅದು ಕೂಗುತ್ತದೆ. ನರ್ಸ್ ಮೊದಲು ನೋಡುವುದು ಕೂಸಿನ ಬಣ್ಣ, ಉಸಿರು, ಆಮೇಲೆ ಪರದೆ. ತಾಯಿಯೂ ಹಾಗೆಯೇ ನೋಡಲು ಕಲಿಯಬಹುದು.

◆ ಕಾಫಿ ಸೀಮೆಯ ಪಕ್ಕದವರಿಗೆ ಇದು ಸ್ವಾರಸ್ಯವೆನಿಸೀತು: ಕಾಫಿಯಲ್ಲಿರುವ ಕೆಫೀನೇ ಈ ಕೂಸುಗಳಿಗೆ ಔಷಧ. ಮಿದುಳಿನ ಉಸಿರಾಟದ ಕೇಂದ್ರ ಬಲಿಯದ ಕಾರಣ ಅವು ನಡುನಡುವೆ 20 ಸೆಕೆಂಡಿಗೂ ಹೆಚ್ಚು ಹೊತ್ತು ಉಸಿರು ನಿಲ್ಲಿಸಿಬಿಡುತ್ತವೆ. ಅಳತೆ ಮಾಡಿದ ಕೆಫೀನ್ ಸಿಟ್ರೇಟ್ ಆ ಕೇಂದ್ರವನ್ನು ಎಚ್ಚರವಾಗಿಡುತ್ತದೆ. (ಮನೆಯ ಕಾಫಿಯ ಹನಿಯನ್ನು ಯಾರೂ ಬಾಯಿಗಿಡಬಾರದು ಎಂದು ಒತ್ತಿ ಹೇಳುತ್ತೇನೆ.)

◆ ಕಾಮಾಲೆಗೆ ನೀಲಿ ದೀಪದಡಿ ಮಲಗಿಸುವ ಚಿಕಿತ್ಸೆಯ ಹಿಂದೆ ಒಬ್ಬ ನರ್ಸ್ ಇದ್ದಾರೆ. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ವಾರ್ಡ್ 1956ರ ಬೇಸಿಗೆಯಲ್ಲಿ ಅವಧಿಪೂರ್ವ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಹಳದಿ ಮಾಸಿ, ಬಟ್ಟೆ ಮುಚ್ಚಿದ ಕಡೆ ಮಾತ್ರ ಉಳಿದಿದ್ದನ್ನು ವೈದ್ಯರಿಗೆ ತೋರಿಸಿದರು. ಹಾಗೆಂದು ಈಗ ಮನೆಯ ಅಂಗಳದಲ್ಲಿ ಬಿಸಿಲಿಗೆ ಹಿಡಿದು ಕಾಮಾಲೆ ವಾಸಿಮಾಡಲು ಹೋಗುವುದು ಅಪಾಯ. ಕೂಸು ತಣ್ಣಗಾಗುತ್ತದೆ ಇಲ್ಲವೇ ಸುಡುತ್ತದೆ, ಹೊತ್ತೂ ಮೀರುತ್ತದೆ.

◆ ಒಂದು ಕಿಲೋ ತೂಕದ ಕೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೆ ಸುಮಾರು 90 ಮಿಲಿಲೀಟರ್. ‘ಎಷ್ಟು ಸಲ ರಕ್ತ ತೆಗೀತಾರೆ’ ಎಂಬ ತಾಯಿಯ ಸಂಕಟ ಸಹಜವೇ. ಆ ಕಾರಣಕ್ಕೇ ಹನಿ ಲೆಕ್ಕದಲ್ಲಿ ತೆಗೆಯುತ್ತಾರೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಒಂದು ನಿಮಿಷ ಕಾದರೂ ಕೂಸಿಗೆ ತನ್ನದೇ ರಕ್ತ ಇನ್ನಷ್ಟು ಸಿಗುತ್ತದೆ.

◆ ಈಗ ಹಾಲಿನ ಮಾತು. ಇಲ್ಲಿ ಸ್ವಲ್ಪ ನಿಲ್ಲಬೇಕು. ದಿನ ತುಂಬದೆ ಹೆತ್ತ ತಾಯಿಯ ಹಾಲು, ದಿನ ತುಂಬಿ ಹೆತ್ತವಳ ಹಾಲಿನಂತಿರುವುದಿಲ್ಲ. ಮೊದಲ ವಾರಗಳಲ್ಲಿ ಅದರಲ್ಲಿ ಪ್ರೋಟೀನ್ ಹೆಚ್ಚು, ಸೋಂಕಿನ ವಿರುದ್ಧ ಹೋರಾಡುವ ಅಂಶಗಳೂ ಹೆಚ್ಚು. ಬೇಗ ಬಂದ ಕೂಸಿಗೆ ಬೇಕಾದುದನ್ನು ಆ ಮೈ ತಾನಾಗಿ ಹೊಂದಿಸಿ ಕೊಡುತ್ತದೆ. ಇಂಥ ಕೂಸುಗಳ ಕರುಳನ್ನೇ ಕೊಳೆಯಿಸುವ ಭೀಕರ ಕಾಯಿಲೆಯೊಂದಿದೆ. ಡಬ್ಬದ ಹಾಲು ಕುಡಿದವಕ್ಕೆ ಅದರ ಅಪಾಯ ಹೆಚ್ಚು, ತಾಯಿಹಾಲು ಕುಡಿದವಕ್ಕೆ ಕಡಿಮೆ.

34 ವಾರದ ಸುಮಾರಿಗಷ್ಟೇ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ಮಾಡಲು ಕೂಸು ಕಲಿಯುತ್ತದೆ. ಅಲ್ಲಿಯವರೆಗೆ ಬಾಯಿಂದ ಹೊಟ್ಟೆಗೆ ಇಳಿಸಿದ ತೆಳುನಳಿಕೆಯೇ ಗತಿ. ಒಂದು ಕಿಲೋ ಕೂಸಿಗೆ ಮೊದಲ ದಿನ ಎರಡು ಗಂಟೆಗೊಮ್ಮೆ ಹಾಕುವುದು ಒಂದೆರಡು ಮಿಲಿಲೀಟರ್ ಅಷ್ಟೇ. ‘ನನಗೆ ಹಾಲೇ ಇಳಿದಿಲ್ಲ, ನಾಲ್ಕು ಹನಿ ಬಂತು’ ಎಂದು ತಾಯಿ ಕಣ್ಣೀರು ಹಾಕುವ ಆ ನಾಲ್ಕು ಹನಿ ಹಳದಿ ಹಾಲೇ ಕೂಸಿನ ಪೂರ್ತಿ ಊಟ! ಹೆರಿಗೆಯಾದ ಆರು ಗಂಟೆಯೊಳಗೆ ಕೈಯಿಂದ ಹಿಂಡಲು ಶುರುಮಾಡಿ, ಹಗಲೂ ರಾತ್ರಿ ಸೇರಿ ದಿನಕ್ಕೆ ಎಂಟು ಸಲಕ್ಕೆ ಕಡಿಮೆಯಾಗದಂತೆ ಹಿಂಡಬೇಕು. ಎರಡು ಮೂರು ದಿನ ಬಿಟ್ಟರೆ ಹಾಲು ಬತ್ತುತ್ತಾ ಹೋಗುತ್ತದೆ. ಹಿಂಡಿದ ಹಾಲು ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದು. ಸಿಸೇರಿಯನ್ ಆದ ಹೊಟ್ಟೆ ಹಿಡಿದುಕೊಂಡು ಗೋಡೆ ಸವರುತ್ತಾ ಬಟ್ಟಲು ಹಾಲು ತಂದುಕೊಡುವ ಹೆಣ್ಣುಮಗಳಿಗೆ ಕೂರಲು ಒಂದು ಕುರ್ಚಿ, ಮರೆಗೆ ಒಂದು ಪರದೆ, ಹೊತ್ತಿಗೆ ಸರಿಯಾಗಿ ಬಿಸಿ ಊಟ. ಘಟಕಗಳಲ್ಲಿ ಯಂತ್ರಗಳಷ್ಟೇ ಮುಖ್ಯ ಇವು ಎಂದು ನಾನು ನಂಬುತ್ತೇನೆ.

◆ ನಳಿಕೆಯಿಂದ ಎದೆಗೆ ದಾಟುವ ನಡುವಿನ ಮೆಟ್ಟಿಲು ನಮ್ಮ ಅಜ್ಜಿಯರ ಒಳಲೆ. ಬಾಟಲಿಗಿಂತ ತೊಳೆಯುವುದು ಸುಲಭ, ನಿಪ್ಪಲ್ಲಿನ ರೂಢಿಯೂ ಬೀಳುವುದಿಲ್ಲ. ದೇಶದ ದೊಡ್ಡ ದೊಡ್ಡ ನವಜಾತ ಘಟಕಗಳಲ್ಲಿ 32ರಿಂದ 34 ವಾರದ ಕೂಸುಗಳಿಗೆ ಹಾಲು ಕುಡಿಸುವುದು ಇದರಲ್ಲೇ.

◆ ತಾಯಿಗೆ ಹಾಲು ಸಾಲದಿದ್ದರೆ ಇನ್ನೊಬ್ಬ ತಾಯಿಯ ಹಾಲು ಎರಡನೆಯ ಆಯ್ಕೆ. ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ತೆರೆದ ತಾಯಿಹಾಲಿನ ಬ್ಯಾಂಕು ಏಷ್ಯಾದಲ್ಲೇ ಮೊದಲನೆಯದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಶುರುವಾಯಿತು. ಕೊಡುವ ತಾಯಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಕೊಡುತ್ತಾರೆ.

◆ ಕಾಂಗರೂ ಮರಿ ಸುಮಾರು ಒಂದು ತಿಂಗಳ ಗರ್ಭಕ್ಕೇ ಹುಟ್ಟಿ, ಉಳಿದ ಬೆಳವಣಿಗೆಯನ್ನು ತಾಯಿಯ ಚೀಲದಲ್ಲಿ ಮುಗಿಸುತ್ತದೆ. ಕೊಲಂಬಿಯಾದ ಬೊಗೊಟಾದ ಆಸ್ಪತ್ರೆಯೊಂದರಲ್ಲಿ 1978ರ ಸುಮಾರಿಗೆ ಕೂಸುಗಳು ಹೆಚ್ಚು, ಪೆಟ್ಟಿಗೆಗಳು ಕಡಿಮೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಮೂರು ಕೂಸು ಮಲಗಿಸಿ ಸೋಂಕು ಹರಡುತ್ತಿತ್ತು. ಎಡ್ಗರ್ ರೇ ಎಂಬ ವೈದ್ಯ ತಾಯಿಯ ಎದೆಯನ್ನೇ ಪೆಟ್ಟಿಗೆ ಮಾಡಿದರು. ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆಯಿಲ್ಲದ ಕೂಸನ್ನು ಎರಡು ಸ್ತನಗಳ ನಡುವೆ ನೆಟ್ಟಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವುದು, ಅಷ್ಟೇ. ಮೆತ್ತನೆಯ ಹತ್ತಿ ಸೀರೆ ಸಾಕು.

ಮೊದಲು ಇದನ್ನು ಕೂಸು ಗಟ್ಟಿಯಾದ ಮೇಲೆ ಮಾಡಿಸುತ್ತಿದ್ದರು. ಗಟ್ಟಿಯಾಗುವವರೆಗೆ ಏಕೆ ಕಾಯಬೇಕು ಎಂದು ಕೇಳಿದ ಪರೀಕ್ಷೆ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು, 2021ರಲ್ಲಿ ಪ್ರಕಟವಾಯಿತು. ಒಂದರಿಂದ 1.8 ಕಿಲೋ ಒಳಗಿನ 3,211 ಕೂಸುಗಳು. ಹುಟ್ಟಿದ ಕೂಡಲೇ ಎದೆಗೆ ಕಟ್ಟಿಕೊಂಡವುಗಳಲ್ಲಿ 28 ದಿನದೊಳಗಿನ ಸಾವು ನೂರಕ್ಕೆ 12. ಹಳೆಯ ಪದ್ಧತಿಯಲ್ಲಿ 15.7. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ, ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ದಿನಕ್ಕೆ 8ರಿಂದ 24 ಗಂಟೆ, ಹುಟ್ಟಿದ ಕೂಡಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಸರ್ಕಾರಿ ಆಸ್ಪತ್ರೆಗಳ ಜೊತೆ ನಿಂತು, ಈ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವುದು ಹೇಗೆಂದು ಮಾಡಿ ತೋರಿಸಿದ್ದಾರೆ. ಕೊಪ್ಪಳದಲ್ಲಿ ಆದದ್ದು ಚನ್ನಗಿರಿಯಲ್ಲಿ ಆಗದೇ?

ಅಪ್ಪನೂ ಕಟ್ಟಿಕೊಳ್ಳಬಹುದು, ಅಜ್ಜಿಯೂ. ಅವಳಿಗಳಾದರೆ ಒಂದೊಂದು ಎದೆಗೆ ಒಂದೊಂದು. ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸುವಾಗಲೂ ಕೂಸನ್ನು ಬೆಚ್ಚಗಿಡಲು ಇದು ಒಳ್ಳೆಯ ದಾರಿ.

◆ ತಾಯಿ ಒಳಗೆ ಬಂದರೆ ಸೋಂಕು ತರುತ್ತಾಳೆಂದು ದಶಕಗಳ ಕಾಲ ಬಾಗಿಲು ಹಾಕಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ವೈದ್ಯರು ಬಾಗಿಲು ತೆರೆದು ನೋಡಿದರು, ಸೋಂಕು ಹೆಚ್ಚಲಿಲ್ಲ. ಕೇಂದ್ರ ಆರೋಗ್ಯ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಕೈ ತೊಳೆಯುವುದನ್ನು ಕಲಿಸಿ ತಂದೆತಾಯಿಯನ್ನು ಒಳಗೆ ಬಿಟ್ಟುಕೊಳ್ಳಬೇಕು, ಆರೈಕೆಯಲ್ಲಿ ಅವರನ್ನೂ ಸೇರಿಸಿಕೊಳ್ಳಬೇಕು. ‘ಒಳಗೆ ಬರಬಹುದಾ?’ ಎಂದು ಕೇಳಲು ಅಂಜಬೇಕಿಲ್ಲ.

◆ ಹೊಟ್ಟೆಯೊಳಗಿನ ಕೂಸಿಗೆ 25 ವಾರದ ಸುಮಾರಿಗೇ ಕಿವಿ ಕೇಳತೊಡಗುತ್ತದೆ. ತಾಯಿಯ ದನಿ ಅದಕ್ಕೆ ಹಳೆಯ ಪರಿಚಯ. ಮೆಲ್ಲಗೆ ಮಾತಾಡಿ, ಜೋಗುಳ ಹಾಡಿ.

◆ ಹಣದ ಮಾತು: 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆ ಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ, ರಕ್ತ, ಬರಲು ಹೋಗಲು ವಾಹನ ಎಲ್ಲ ಉಚಿತ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಎರಡಕ್ಕೂ ಇದು ಅನ್ವಯ. ನ್ಯಾಮತಿಯವರಿಗೆ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಜಿಲ್ಲೆಯ ಗಡಿ ಕೂಸಿಗೆ ಅಡ್ಡ ಬರಬಾರದು. ಬಾಣಂತಿ, ಕೂಸನ್ನು ಮನೆ ಮುಟ್ಟಿಸಲು ‘ನಗು-ಮಗು’ ವಾಹನವಿದೆ.

◆ ಮೊದಲ ವಾರ ಕೂಸಿನ ತೂಕ ನೂರಕ್ಕೆ ಹತ್ತು ಹದಿನೈದರಷ್ಟು ಇಳಿಯುತ್ತದೆ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ. ದಿನವೂ ತೂಕದ ಚೀಟಿ ನೋಡಿ ಕುಗ್ಗುವ ತಾಯಂದಿರಿಗೆ ಇದನ್ನು ಮೊದಲೇ ಹೇಳಿಬಿಡಬೇಕು.

◆ ಆ ಚೀಟಿಗಿಂತ ಮುಖ್ಯವಾದ ತಾರೀಕೊಂದಿದೆ: ಕಣ್ಣಿನ ಪರೀಕ್ಷೆಯದು. 34 ವಾರಕ್ಕೆ ಮೊದಲು ಇಲ್ಲವೇ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿನ ಅಕ್ಷಿಪಟಲವನ್ನು 30 ದಿನದೊಳಗೆ ತೋರಿಸಲೇಬೇಕು. ತೀರಾ ಪುಟ್ಟವನ್ನು ಎರಡು ಮೂರು ವಾರಕ್ಕೇ. ಬಲಿಯದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು, ಹೊರಗೆ ಏನೂ ಕಾಣದೆಯೇ, ಕೆಲವೇ ವಾರಗಳಲ್ಲಿ ಕೂಸು ಶಾಶ್ವತವಾಗಿ ಕುರುಡಾಗಬಲ್ಲದು. 1950ರಲ್ಲಿ ಆರು ವಾರ ಮೊದಲೇ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಕಣ್ಣು ಕಳೆದುಕೊಂಡದ್ದು ಇದರಿಂದಲೇ. ಅತಿಯಾದ ಆಮ್ಲಜನಕ ಇದಕ್ಕೆ ಕಾರಣವೆಂದು ಜಗತ್ತಿಗೆ ಖಚಿತವಾದದ್ದು ಆಮೇಲಿನ ಕೆಲವು ವರ್ಷಗಳಲ್ಲಿ. ಈಗ ಆಮ್ಲಜನಕವನ್ನೂ ಅಳೆದೇ ಕೊಡುತ್ತಾರೆ.

ಇದರಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ತಂಡ 2008ರಲ್ಲಿ ‘ಕಿಡ್ರಾಪ್’ ಶುರುಮಾಡಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಘಟಕಗಳಿಗೇ ಹೋಗಿ ಕಣ್ಣಿನ ಒಳಚಿತ್ರ ತೆಗೆಯುತ್ತಾರೆ. ಬೆಂಗಳೂರಿನಲ್ಲಿ ಕೂತ ವೈದ್ಯರು ಅದನ್ನು ನೋಡಿ ಹೇಳುತ್ತಾರೆ. ಲೇಸರ್ ಬೇಕೆಂದರೆ ಎರಡು ಮೂರು ದಿನದೊಳಗೆ ಆಗಬೇಕು. ಬಾಣಂತಿ ಹೊರಗೆ ಹೋಗಬಾರದು, ತಿಂಗಳ ಕೂಸಿಗೆ ಗಾಳಿ ಸೋಕಬಾರದು ಎಂದು ಆ ತಾರೀಕು ತಪ್ಪಿಸುವ ಮನೆಗಳು ಈಗಲೂ ಇವೆ. ಈ ಅಂಕಣದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ಇಡಿ.

◆ ಮನೆಗೆ ಬಂದ ಮೇಲೆ? ಎರಡು ಕಿಲೋ ಆಗುವವರೆಗೆ ಸ್ನಾನ ಬೇಡ, ಒರೆಸಿದರೆ ಸಾಕು. ಮೈಗೆ ಎಣ್ಣೆ ಮೃದುವಾಗಿ ಸವರಬಹುದು; ಕಿವಿ-ಮೂಗಿಗೆ ಎಣ್ಣೆ ಬಿಡಬಾರದು. ಸಾಂಬ್ರಾಣಿ ಹೊಗೆ, ಕೆಂಡದ ಬಾಣಲೆ ಆ ಎಳೆಯ ಶ್ವಾಸಕೋಶಕ್ಕೆ ವಿಷ. ಬಜೆ, ಜೇನು, ಸಕ್ಕರೆ ನೀರು ಯಾವುದೂ ಬೇಡ. ತಾಯಿಯಿಂದ ಕೂಸಿಗೆ ಕಬ್ಬಿಣಾಂಶ ಹೆಚ್ಚಾಗಿ ದಾಟುವುದು ಕೊನೆಯ ಮೂರು ತಿಂಗಳಲ್ಲಿ. ಅದು ತಪ್ಪಿದ ಕೂಸಿಗೆ ವೈದ್ಯರು ಬರೆದುಕೊಟ್ಟ ಹನಿಗಳನ್ನು ತಿಂಗಳುಗಟ್ಟಲೆ ಬಿಡದೆ ಹಾಕಬೇಕು. ತೊಟ್ಟಿಲ ಶಾಸ್ತ್ರಕ್ಕೆ ಊರೆಲ್ಲ ಬಂದು ಮುದ್ದಾಡುವುದನ್ನು ಒಂದಿಷ್ಟು ದಿನ ಮುಂದೂಡಿದರೆ ಯಾವ ದೇವರೂ ಮುನಿಯುವುದಿಲ್ಲ.

◆ ಕೂಸನ್ನು ಬಿಟ್ಟು ವಾರ್ಡಿನಲ್ಲಿ ಮಲಗುವ ತಾಯಿಗೆ ನಿದ್ದೆ ಹತ್ತದಿರುವುದು, ಕಾರಣವಿಲ್ಲದೆ ಅಳು ಬರುವುದು, ಕೂಸನ್ನು ಮುಟ್ಟಲೂ ಭಯವಾಗುವುದು ಸಾಮಾನ್ಯ. ಎರಡು ವಾರ ಕಳೆದರೂ ಹೋಗದಿದ್ದರೆ ಅದು ಕಾಯಿಲೆ, ಮದ್ದಿರುವ ಕಾಯಿಲೆ. ನಿಮ್ಹಾನ್ಸ್ 2009ರಲ್ಲೇ ತಾಯಿ-ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗ ತೆರೆದಿದೆ. ಹಳ್ಳಿಯಿಂದಲೇ ಮಾತಾಡಲು ಟೆಲಿ-ಮಾನಸ್ ಸಂಖ್ಯೆ 14416. ಬಾಣಂತಿ ಸನ್ನಿಗೆ ದೆವ್ವ ಬಿಡಿಸಲು ಹೋಗಿ ಕಳೆದುಕೊಂಡ ಜೀವಗಳು ಸಾಕು.

◆ ಹೆರಿಗೆಯ ನಂತರ 42 ದಿನದೊಳಗೆ ಆಶಾ ಕಾರ್ಯಕರ್ತೆ ಹಲವು ಸಲ ಮನೆಗೆ ಬಂದು ಕೂಸನ್ನು ತೂಗುತ್ತಾರೆ, ಮೈಬಿಸಿ ನೋಡುತ್ತಾರೆ. ಈ ಪದ್ಧತಿ ಬೆಳೆದುಬಂದದ್ದು ಮಹಾರಾಷ್ಟ್ರದ ಗಡಚಿರೋಲಿಯ ಹಳ್ಳಿಗಳಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಮಾಡಿದ ಕೆಲಸದಿಂದ.

◆ ಇಂಥ ಕೂಸಿಗೆ ಎರಡು ವಯಸ್ಸು. ಲಸಿಕೆಗೆ ಹುಟ್ಟಿದ ದಿನದ ಲೆಕ್ಕ. ಸಣ್ಣದಿದೆ ಎಂದು ಮುಂದೂಡುವಂತಿಲ್ಲ. ನಗು, ಕತ್ತು ನಿಲ್ಲುವುದು, ಕೂರುವುದು, ನಡಿಗೆಗೆ ಹುಟ್ಟಬೇಕಿದ್ದ ದಿನದ ಲೆಕ್ಕ. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸು ಎಂಟು ತಿಂಗಳಾದಾಗ ಆರು ತಿಂಗಳ ಕೂಸಿನಂತೆ ಆಡಿದರೆ ಅದು ಸರಿಯಾಗಿಯೇ ಬೆಳೆಯುತ್ತಿದೆ. ಎರಡು ವರ್ಷದವರೆಗೆ ಹೀಗೇ ಎಣಿಸಬೇಕು. ಆ ಲೆಕ್ಕದಲ್ಲೂ ಹಿಂದೆ ಬಿದ್ದರೆ, ದನಿಗೆ ತಿರುಗದಿದ್ದರೆ, ಕಾಲು ಬಿಗಿಯಾಗಿದ್ದರೆ ‘ದೊಡ್ಡದಾದ ಮೇಲೆ ಸರಿಹೋಗುತ್ತೆ’ ಎಂದು ಸುಮ್ಮನಿರದೆ ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಬಿಡುಗಡೆ ಚೀಟಿಯ ಸಮೇತ ಹೋಗಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ, ಚಿಕಿತ್ಸೆ ಎರಡೂ ಉಚಿತ.